ಪ್ರತಿ: ಬಿಳಿಯರು ಬಿಟ್ಟುಹೋದ ಮನೆಗಳು ಮಾತ್ರವಾ?

ಎರಡನೇ ಮಹಾಯುದ್ಧದ ನಂತರ ಅಮೆರಿಕದ ಕಪ್ಪು ಜನರಿಗೆ ಸಿಕ್ಕಿದ್ದು ಬಿಳಿಯರು ಬಿಟ್ಟುಹೋದ ಹಳೇ ಮನೆಗಳಷ್ಟೇನಾ ಅಂತ ಕೇಳಿದ್ದೀರಿ. ಎಷ್ಟೋ ಕಡೆ ಹೌದು. ಆದರೆ ಅಟ್ಲಾಂಟಾದ ಕಾಲಿಯರ್ ಹೈಟ್ಸ್ ನೋಡಿ. 1950ರ ದಶಕದಲ್ಲಿ ಕಪ್ಪು ಉದ್ಯಮಿಗಳೇ ಜಮೀನು ಕೊಂಡು, ತಮ್ಮವರದೇ ಬ್ಯಾಂಕು, ವಿಮಾ ಕಂಪನಿಗಳ ಸಾಲದಲ್ಲಿ ಎಬ್ಬಿಸಿದ ಬಡಾವಣೆ ಅದು. ಹೆಚ್ಚಿನವು ಇಟ್ಟಿಗೆಯ ರಾಂಚ್ ಮನೆಗಳು, ಅಂದರೆ ಉದ್ದಕ್ಕೆ ಚಾಚಿದ, ಒಂದೇ ಅಂತಸ್ತಿನವು. ನನಗೆ ಕುತೂಹಲ ಅವುಗಳ ನೆಲಮಾಳಿಗೆ ಬಗ್ಗೆ: ಬಾರ್ ಕೌಂಟರು, ಕುಣಿಯೋಕೆ ಜಾಗ, ಎಲ್ಲ ಅಲ್ಲೇ! ಶೋಕಿಗಲ್ಲ ಸ್ವಾಮಿ, ಪೇಟೆಯ ಹೋಟೆಲುಗಳು ಕಪ್ಪು ಜನರನ್ನು ಒಳಗೇ ಬಿಡುತ್ತಿರಲಿಲ್ಲವಲ್ಲ. ನಾಗರಿಕ ಹಕ್ಕುಗಳ ಹೋರಾಟದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಒಡನಾಡಿಯಾಗಿದ್ದ ರಾಲ್ಫ್ ಅಬರ್ನಾಥಿ ಇದ್ದದ್ದೂ ಇಲ್ಲೇ. ಅದೇ ಊರಿನ ಪೇಟನ್ ರಸ್ತೆಗೆ 1962ರಲ್ಲಿ, ಕಪ್ಪು ಕುಟುಂಬಗಳು ಬಿಳಿಯರ ಬಡಾವಣೆಯೊಳಗೆ ಬರಬಾರದೆಂದು ನಗರಾಡಳಿತ ಅಡ್ಡಗಟ್ಟೆ ಹಾಕಿಸಿತ್ತು. ಮರುವರ್ಷ ಕೋರ್ಟು ಅದನ್ನು ಕೀಳಿಸಿತು.