ಅಪ್ಪನ ಸ್ಯಾಕ್ಸೊಫೋನ್, ಮದರಂಗಿಯ ಡಿಜೆ

ಪತ್ರ: ನನಗೆ 27 ವರ್ಷ. ಊರು ಕಾಸರಗೋಡಿನ ಬದಿಯಡ್ಕದ ಹತ್ತಿರ, ಕೆಲಸ ಬೆಂಗಳೂರಿನಲ್ಲಿ. ಮೇ ತಿಂಗಳಲ್ಲಿ ಮದುವೆ. ಅಪ್ಪ 30 ವರ್ಷದಿಂದ ಮದುವೆಗಳಲ್ಲಿ ಸ್ಯಾಕ್ಸೊಫೋನ್ ವಾಲಗ ನುಡಿಸುತ್ತಾರೆ. ಮದರಂಗಿ ರಾತ್ರಿಗೆ ಡಿಜೆ ಜೊತೆ ಲೈವ್ ಸ್ಯಾಕ್ಸೊಫೋನ್, ಚೆಂಡೆ ಇರಬೇಕು ಅಂತ ನನಗೂ ಹುಡುಗನಿಗೂ ಆಸೆ. ಡಿಜೆಯವರು, "ನಿಮ್ಮ ತಂದೆಯೇ ರೆಕಾರ್ಡ್ ಹಾಡಿನ ಟ್ರ್ಯಾಕ್ ಮೇಲೆ ನುಡಿಸಲಿ, ಬೇರೆಯವರ ಖರ್ಚು ಉಳಿಯುತ್ತದೆ" ಎಂದರು. ಅಪ್ಪನಿಗೆ ಫೋನ್ ಮಾಡಿ ಹೇಳಿದೆ. "ಆವು" (ಆಗಲಿ) ಎಂದರು, ಅಷ್ಟೇ. ಆಮೇಲೆ ಗೆಳೆಯರು "ವಧುವಿನ ಅಪ್ಪನ ಲೈವ್ ಸ್ಯಾಕ್ಸ್" ಎಂದು ಪೋಸ್ಟರ್ ಮಾಡಿ ವಾಟ್ಸಾಪಿನಲ್ಲಿ ಹಾಕಿದರು. ಅವತ್ತಿನಿಂದ ಅಪ್ಪ ಸಂಜೆ ಸ್ಯಾಕ್ಸೊಫೋನಿನ ಪೆಟ್ಟಿಗೆ ತೆರೆದಿಲ್ಲ ಎಂದು ಅಮ್ಮ ಹೇಳುತ್ತಾರೆ. ಡಿಜೆಗೆ ಅಡ್ವಾನ್ಸ್ ಕೊಟ್ಟಾಗಿದೆ. ಏನು ಮಾಡಲಿ?

ಪ್ರೀತಿಯ ತಂಗಿ,

ಡಿಜೆ ಬಿಡಬೇಕಾಗಿಲ್ಲ. ಆದರೆ ಆ ಪೋಸ್ಟರನ್ನು ಇವತ್ತೇ ತೆಗೆಸು.

ನಿನ್ನ ಅಪ್ಪ ಎಷ್ಟು ಮದುವೆ ನುಡಿಸಿರಬಹುದು, ಲೆಕ್ಕ ಹಾಕಿದ್ದೀಯಾ? ಪ್ರತಿ ಮದುವೆಯಲ್ಲೂ ಅವರ ಜಾಗ ಮಂಟಪದ ಪಕ್ಕದ ಮೂಲೆ. ಪುರೋಹಿತರು ಕೈ ಎತ್ತಿದ ಕೂಡಲೇ ಗಟ್ಟಿಮೇಳ. ಊಟ ಕೊನೆಯ ಪಂಕ್ತಿಯಲ್ಲಿ, ಕೆಲವು ಮನೆಗಳಲ್ಲಿ ಪಾಯಸ ಮುಗಿದ ಮೇಲೆ. ನಮ್ಮ ಕಡೆ ವಾಲಗದವರನ್ನು ನಡೆಸಿಕೊಂಡ ರೀತಿ ನನಗೂ ಗೊತ್ತು, ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಇಷ್ಟು ವರ್ಷ ಬೇರೆಯವರ ಮಕ್ಕಳಿಗೆ ಗಟ್ಟಿಮೇಳ ಊದಿದ ಮನುಷ್ಯ ಈ ಸಲ ಧಾರೆ ಎರೆಯುವ ಅಪ್ಪ. ಆ ಒಂದು ದಿನಕ್ಕಾಗಿ ಅವರು ಮನಸ್ಸಿನಲ್ಲೇ ಎಷ್ಟು ಸಲ ರೇಷ್ಮೆ ಶಾಲು ಹೊದ್ದಿರಬಹುದು! ಅಷ್ಟರಲ್ಲಿ ಮಗಳಿಂದ ಫೋನ್ ಬಂತು. ನೀವೇ ನುಡಿಸಿ, ಖರ್ಚು ಉಳಿಯುತ್ತದೆ ಅಂತ.

ನೀನು ಹಾಗೆ ಅಂದುಕೊಂಡು ಹೇಳಿಲ್ಲ, ನನಗೆ ಗೊತ್ತು. ಅಪ್ಪನನ್ನು ಎಲ್ಲರ ಮುಂದೆ ಮೆರೆಸಬೇಕು ಎಂಬ ಆಸೆಯೇ ನಿನ್ನದು. ಅವರ ಕಿವಿಗೆ ಮಾತ್ರ ಅದು ಇನ್ನೊಂದು ಪ್ರೋಗ್ರಾಮಿನ ಹಾಗೆ ಬಿದ್ದಿರಬಹುದು.

ಇನ್ನೊಂದು ಭಯವೂ ಇರಬಹುದು. ಪೆರ್ಲದ ಹತ್ತಿರ ನಮ್ಮ ಸಂಬಂಧಿಕರ ಮನೆಯ ಮದರಂಗಿಯಲ್ಲಿ ನಾನು ಕಣ್ಣಾರೆ ಕಂಡದ್ದು ಹೇಳುತ್ತೇನೆ. ಡಿಜೆಯವರು ಒಬ್ಬ ಹಿರಿಯ ಸ್ಯಾಕ್ಸೊಫೋನ್ ವಾದಕರನ್ನು ಕರೆಸಿದ್ದರು. ಹಾಡು ಯಾವುದು, ಶ್ರುತಿ ಯಾವುದು, ಮೊದಲೇ ಯಾರೂ ಹೇಳಿರಲಿಲ್ಲ. ಟ್ರ್ಯಾಕ್ ಶುರುವಾಯಿತು. ಅವರು ಎರಡು ಸಾಲು ಊದಿದರು, ಸ್ವರ ಸ್ವರಕ್ಕೆ ಹೊಂದಲಿಲ್ಲ. ಡಿಜೆ ಟ್ರ್ಯಾಕಿನ ಸೌಂಡ್ ಏರಿಸಿದರು. ಆ ಹಿರಿಯರು ವಾದ್ಯ ಎದೆಗೆ ಒರಗಿಸಿ, ಊದುವ ತುದಿಯ ತೆಳು ಪಟ್ಟಿಯನ್ನು, ಅಂದರೆ ರೀಡನ್ನು, ಬಿಚ್ಚಿ, ನಾಲಿಗೆಗೆ ತಾಗಿಸಿ ಒದ್ದೆ ಮಾಡಿ, ಮತ್ತೆ ಕಟ್ಟಿದರು. ಮತ್ತೆ ಬಿಚ್ಚಿದರು. ಹಾಡು ಮುಗಿಯುವವರೆಗೂ ಅದನ್ನೇ ಮಾಡುತ್ತಿದ್ದರು, ತಪ್ಪು ರೀಡಿನದ್ದೇ ಎಂಬಂತೆ. ರೀಡಿಗೆ ಏನೂ ಆಗಿರಲಿಲ್ಲ. ಕೆಳಗೆ ಹುಡುಗರು ಕುಣಿಯುತ್ತಿದ್ದರು.

ಹಾಡುವವರು ಶ್ರುತಿಯಲ್ಲಿ ಅರ್ಧ ಮನೆ, ಅಂದರೆ ಸ್ವಲ್ಪ, ಮೇಲೆ ಕೆಳಗೆ ಹೋಗಿ ಹೇಗೋ ಹೊಂದಿಸಿಕೊಳ್ಳುತ್ತಾರೆ. ಸ್ಯಾಕ್ಸೊಫೋನಿನಲ್ಲಿ ಶ್ರುತಿ ಬದಲಾದರೆ ಬೆರಳು ಓಡುವ ದಾರಿಯೇ ಬದಲಾಗುತ್ತದೆ. ಸ್ವರವನ್ನು ಬಳುಕಿಸುವ ಗಮಕ ಹಿಡಿದು ನುಡಿಸುವವರಿಗೆ ಕಷ್ಟ ಇನ್ನೂ ಜಾಸ್ತಿ. ಆದರೆ ಡಿಜೆಯ ಸಾಫ್ಟ್‌ವೇರಿನಲ್ಲಿ ಹಾಡಿನ ವೇಗ ಕೆಡಿಸದೆ ಶ್ರುತಿ ಸ್ವಲ್ಪ ಏರಿಸಲು, ಇಳಿಸಲು ಬರುತ್ತದೆ. ಅಂದರೆ ಬಗ್ಗಬೇಕಾದ್ದು ಡಿಜೆ. ಅಪ್ಪನ ಶ್ರುತಿ ಕೇಳಿಕೊಂಡು ಟ್ರ್ಯಾಕನ್ನು ಅದಕ್ಕೆ ತಂದು, ಮೂರು ವಾರ ಮೊದಲು ಅವರ ಫೋನಿಗೆ ಕಳಿಸಲಿ.

ಎರಡೂ ಸೇರಬಾರದು ಎಂದು ನಾನು ಹೇಳುತ್ತಿಲ್ಲ. ಕದ್ರಿ ಗೋಪಾಲನಾಥರನ್ನೇ ನೋಡು. ತಂದೆ ನಾಗಸ್ವರದವರು. ಮಗ ಮೈಸೂರು ಅರಮನೆ ಬ್ಯಾಂಡಿನ ಸ್ಯಾಕ್ಸೊಫೋನ್ ಕೇಳಿ ಮನಸೋತು, ಆ ವಾದ್ಯವನ್ನೇ ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರು. 1994ರಲ್ಲಿ ಲಂಡನ್ನಿನಲ್ಲಿ ಬಿಬಿಸಿ ಪ್ರಾಮ್ಸ್ ಸಂಗೀತೋತ್ಸವದ ವೇದಿಕೆಯಲ್ಲಿ ನುಡಿಸಿದರು. ಅಮೆರಿಕದ ಜಾಝ್ ವಾದಕ ರುದ್ರೇಶ್ ಮಹಂತಪ್ಪ ಅವರ ಜೊತೆ 2008ರಲ್ಲಿ ಆಲ್ಬಮ್ ಮಾಡಿದರು. ಅಲ್ಲಿ ಇಬ್ಬರೂ ಒಬ್ಬರ ಮಾತು ಇನ್ನೊಬ್ಬರು ಕೇಳಿಕೊಂಡು ನುಡಿಸಿದ್ದಾರೆ. ನಿನ್ನ ಅಪ್ಪನಿಗೆ ಸಿಗಬೇಕಾದ್ದೂ ಅದೇ ಗೌರವ.

ಹಾಗಾಗಿ ಈ ಶನಿವಾರ ಊರಿಗೆ ಹೋಗು. ಫೋನಿನಲ್ಲಿ ಈ ಮಾತು ಬೇಡ. ಹುಡುಗನನ್ನೂ ಕರೆದುಕೊಂಡು ಹೋದರೆ ಒಳ್ಳೆಯದು, ಆದರೆ ಮಾತು ಶುರು ಮಾಡುವವಳು ನೀನೇ ಆಗಿರು. "ಅಪ್ಪ, ಮದುವೆ ದಿನ ನೀವು ವಾದ್ಯ ಮುಟ್ಟಬೇಡಿ. ವಾಲಗಕ್ಕೆ ನಿಮ್ಮ ಜೊತೆಯವರು ಬರಲಿ, ಯಾರು ಬೇಕೆಂದು ನೀವೇ ಹೇಳಿ, ಅವರಿಗೆ ಪೂರ್ತಿ ಸಂಬಳ ನಾನು ಕೊಡುತ್ತೇನೆ" ಎಂದು ಮೊದಲು ಹೇಳು. ಇದು ಆದ ಮೇಲೆಯೇ ಮದರಂಗಿಯ ಮಾತು. ನುಡಿಸಲು ಮನಸ್ಸಿದೆಯಾ ಎಂದು ಕೇಳು. ಬೇಡ ಎಂದರೆ ಬೇಡ, ಇನ್ನೊಂದು ಸಲ ಒತ್ತಾಯ ಮಾಡಬೇಡ. ಮನಸ್ಸಿದೆ ಎಂದರೆ ಡಿಜೆ ಶುರುವಾಗುವ ಮೊದಲು 20 ನಿಮಿಷ ಅವರಿಗೇ ಬಿಡು. ಟ್ರ್ಯಾಕ್ ಇಲ್ಲ, ಬಣ್ಣದ ಲೈಟ್ ಇಲ್ಲ. ಅವರು, ಅವರ ಡೋಲಿನವರು, ಶ್ರುತಿ ಪೆಟ್ಟಿಗೆ. ಏನು ನುಡಿಸಬೇಕು ಎಂಬುದು ಅವರಿಗೆ ಬಿಟ್ಟದ್ದು. ಆಮೇಲೆ ಡಿಜೆ ಜೊತೆ ಒಂದೋ ಎರಡೋ ಹಾಡು, ಅವರೇ ಆರಿಸಿದ್ದು. ಉಳಿದ ಹೊತ್ತಿಗೆ ಬೇರೆ ಸ್ಯಾಕ್ಸ್‌ನವರನ್ನು ದುಡ್ಡು ಕೊಟ್ಟೇ ಕರೆಸು.

ಡಿಜೆಯವರ ಹತ್ತಿರವೂ ಕೆಲವು ಮಾತು ಈಗಲೇ ಗಟ್ಟಿ ಮಾಡಿಕೋ. ಪ್ಯಾಕೇಜ್ ಅಂತ ಒಂದೇ ಮೊತ್ತ ಹೇಳುತ್ತಾರೆ, ಅದರಲ್ಲಿ ಚೆಂಡೆಯವರ, ಸ್ಯಾಕ್ಸ್‌ನವರ ಕೈಗೆ ಎಷ್ಟು ಹೋಗುತ್ತದೆ ಎಂದು ಕೇಳು. ಕೇಳಲು ಸಂಕೋಚ ಬೇಡ, ನೀನು ವಾಲಗದವರ ಮನೆಯ ಮಗಳು. ಅತಿಥಿಗಳು ಬರುವ ಮೊದಲೇ, ನಾಲ್ಕು ಗಂಟೆಗೆ ಸೌಂಡ್ ಚೆಕ್ ಮುಗಿಯಬೇಕು. ನುಡಿಸುವವರ ಕಡೆ ಮುಖ ಮಾಡಿದ ಒಂದು ಮಾನಿಟರ್ ಸ್ಪೀಕರ್ ಬೇಕೇ ಬೇಕು, ಇಲ್ಲದಿದ್ದರೆ ಅವರಿಗೆ ತಮ್ಮ ಸ್ವರವೇ ಕೇಳುವುದಿಲ್ಲ. ಚೆಂಡೆ ಅಂಗಳದಲ್ಲಿರಲಿ, ಅದಕ್ಕೆ ಮೈಕ್ ಬೇಡ. ಸಣ್ಣ ಹಾಲಿನೊಳಗೆ ಚೆಂಡೆಯೂ ಡಿಜೆಯ ಬಾಸೂ ಸೇರಿದರೆ ಅಜ್ಜ ಅಜ್ಜಿಯಂದಿರು ಕೂತಲ್ಲಿಂದ ಎದ್ದು ಹೋಗುತ್ತಾರೆ. ನುಡಿಸುವವರೆಲ್ಲರಿಗೂ ಊಟ ಮೊದಲ ಪಂಕ್ತಿಯಲ್ಲೇ.

ಹೊತ್ತಿನ ವಿಷಯ. ನಮ್ಮಲ್ಲಿ ಮದರಂಗಿ ಹಚ್ಚಿ, ಊಟ ಮುಗಿಸಿ ಕುಣಿಯಲು ಶುರು ಮಾಡುವಾಗ ಒಂಬತ್ತೂವರೆ. ಕೇಂದ್ರದ 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಗಲಿಗೂ ಲಿಖಿತ ಅನುಮತಿ ಬೇಕು, ಅದಕ್ಕೆ ಪೊಲೀಸ್ ಠಾಣೆಗೆ ಮೊದಲೇ ಅರ್ಜಿ ಕೊಡು. ಅಪ್ಪನ 20 ನಿಮಿಷ ಆರೂವರೆಗೆ ಇಟ್ಟುಕೊಂಡರೆ ಎಲ್ಲವೂ ಸಲೀಸು. ಹಾಡಿನ ಲೈಸೆನ್ಸಿಗೆ ದುಡ್ಡು ಕೊಡಿ ಅಂತ ಯಾರಾದರೂ ಕೇಳಿದರೆ ಹೆದರಬೇಡ. ಮದುವೆಗೂ ಅದಕ್ಕೆ ಸೇರಿದ ಸಮಾರಂಭಗಳಿಗೂ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ನಿನಲ್ಲಿ ವಿನಾಯಿತಿ ಇದೆ. 2023ರ ಜುಲೈಯಲ್ಲಿ ಕೇಂದ್ರ ಸರ್ಕಾರ ಇದನ್ನು ಮತ್ತೆ ಸ್ಪಷ್ಟಪಡಿಸಿದೆ.

ಶನಿವಾರ ಮನೆಗೆ ಹೋದಾಗ ಅಪ್ಪ ಕೂಡಲೇ ಬಾಯಿ ಬಿಡದಿದ್ದರೆ ಗಾಬರಿಯಾಗಬೇಡ. ಜಗಲಿಯಲ್ಲಿ ಅವರ ಪಕ್ಕ ಸುಮ್ನೆ ಕೂತಿರು. ಸಂಜೆ ಪೆಟ್ಟಿಗೆಯನ್ನು ನೀನೇ ತಂದು ಅವರ ಮುಂದೆ ಇಡು. ಚಿಕ್ಕವಳಿದ್ದಾಗ ಬಟ್ಟೆ ಹಿಡಿದು ಅದರ ಹಿತ್ತಾಳೆ ಒರೆಸಿ ಕೊಟ್ಟಿರುತ್ತೀಯ, ಅಲ್ವಾ? ಅಮ್ಮನ ಹತ್ತಿರ ಆ ಬಟ್ಟೆ ಈಗಲೂ ಇದೆಯಾ ಎಂದು ಕೇಳು.