ಧ್ಯಾನದ ಬುದ್ಧ, ಧರಣಿಯ ಬುದ್ಧ

ಪ್ರಶ್ನೆ: ನಮ್ಮ ಓದುಗರ ಬಳಗದಲ್ಲಿ ಕೂಲಿಕಾರರ ಸಂಘದ ಗೆಳೆಯರೊಬ್ಬರು, ‘ಕಣ್ಣು ಮುಚ್ಚಿ ಕೂರುವುದರಿಂದ ಕೂಲಿ ಹೆಚ್ಚುವುದಿಲ್ಲ, ಅಂಬೇಡ್ಕರ್ ಬುದ್ಧನನ್ನು ಆರಿಸಿಕೊಂಡದ್ದು ಮಾರ್ಕ್ಸ್‌ನಿಂದ ದೂರ ಸರಿಯಲು’ ಎಂದರು. ಬೌದ್ಧ ಧರ್ಮಕ್ಕೂ ಕ್ರಾಂತಿಕಾರಿ ರಾಜಕಾರಣಕ್ಕೂ ನಿಜವಾಗಿ ನಂಟಿದೆಯೇ?
– ಓದುಗರೊಬ್ಬರು, ಕೊಪ್ಪಳ

ಉತ್ತರ: ನಿಮ್ಮ ಗೆಳೆಯರ ಆಕ್ಷೇಪದ ಮೊದಲರ್ಧವನ್ನು ಅಂಬೇಡ್ಕರ್ ಅವರೇ ಎತ್ತಿದ್ದರು. ಅವರು ತೀರಿಕೊಂಡ ಮೇಲೆ, 1957ರಲ್ಲಿ ಹೊರಬಂದ ‘ದಿ ಬುದ್ಧ ಅಂಡ್ ಹಿಸ್ ಧಮ್ಮ’ದ ಪೀಠಿಕೆಯಲ್ಲಿ, ಭಿಕ್ಕು, ಅಂದರೆ ಬೌದ್ಧ ಸನ್ಯಾಸಿ ಎಂಬವನು ಕೇವಲ ಪರಿಪೂರ್ಣ ಮನುಷ್ಯನೋ ಸಮಾಜ ಸೇವಕನೋ ಎಂದು ಕೇಳಿ, ಬರೀ ಪರಿಪೂರ್ಣನಾದರೆ ಅವನು ಸ್ವಾರ್ಥಿಯೇ ಎಂದು ಖಂಡತುಂಡವಾಗಿ ಬರೆದಿದ್ದಾರೆ. ಎರಡನೆಯ ಅರ್ಧವನ್ನು ಮಾತ್ರ ನಾನು ಒಪ್ಪಲಾರೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ದೀಕ್ಷೆ ಪಡೆದ ಮರುತಿಂಗಳೇ ಅವರು ಕಠ್ಮಂಡುವಿನಲ್ಲಿ ಬುದ್ಧ ಮತ್ತು ಮಾರ್ಕ್ಸ್ ಇಬ್ಬರನ್ನೂ ಎದುರುಬದುರು ಇಟ್ಟು ಮಾತಾಡಿದರು. ಶೋಷಣೆಯನ್ನು ಕೊನೆಗಾಣಿಸುವ ಗುರಿ ಇಬ್ಬರದೂ ಹೌದು, ಮಾರ್ಕ್ಸ್‌ವಾದಿಗಳ ಹಿಂಸೆ ಮತ್ತು ಸರ್ವಾಧಿಕಾರದ ದಾರಿಯನ್ನು ಮಾತ್ರ ಒಪ್ಪಲಾಗದು ಎಂಬುದು ಅವರ ನಿಲುವು. ದೂರ ಸರಿಯಬೇಕೆಂದಿದ್ದವರು ಸಾವಿಗೆ ಕೆಲವೇ ದಿನಗಳ ಮುಂಚೆ ಇಷ್ಟು ಹತ್ತಿರದಿಂದ ವಾದ ಹೂಡುತ್ತಿರಲಿಲ್ಲ.

ಈ ನಂಟು ಎಷ್ಟು ದೂರ ಹೋಗಬಲ್ಲದು ಎನ್ನುವುದಕ್ಕೆ ಜಪಾನಿನ ಸೋತೋ ಝೆನ್ ಎಂಬ ಬೌದ್ಧ ಪಂಥದ ಉಚಿಯಾಮಾ ಗುದೋ ಅವರನ್ನು ನೋಡಬೇಕು. ಹಾಕೋನೆ ಬೆಟ್ಟಸೀಮೆಯ ಬಡ ಹಳ್ಳಿಯೊಂದರ ಗುಡಿಯಲ್ಲಿದ್ದ ಈ ಭಿಕ್ಷು, ಸಕಲ ಜೀವಿಗಳಲ್ಲೂ ಬುದ್ಧತ್ವವಿದೆ, ಧರ್ಮದಲ್ಲಿ ಮೇಲು ಕೀಳಿಲ್ಲ ಎಂಬ ಸೂತ್ರವಾಕ್ಯಗಳೇ ತನ್ನನ್ನು ಸಮಾಜವಾದಕ್ಕೆ ತಂದವು ಎಂದು 1904ರಲ್ಲಿ ಬರೆದರು. 1908ರಲ್ಲಿ ಗುಡಿಯೊಳಗೇ ಗುಟ್ಟಾಗಿ ಅಚ್ಚುಮೊಳೆ ಜೋಡಿಸಿ, ಗೇಣಿದಾರರು ಯಾಕೆ ಕಷ್ಟದಲ್ಲಿದ್ದಾರೆ ಎಂದು ಕೇಳುವ ಕಿರುಹೊತ್ತಗೆಯನ್ನು ಮುದ್ರಿಸಿದರು. ಗೇಣಿ ಕೊಡಬೇಡಿ, ಚಕ್ರವರ್ತಿ ದೇವರಲ್ಲ ಎಂಬುದು ಅದರ ಸಾರ. 1911ರ ಜನವರಿಯಲ್ಲಿ ರಾಜದ್ರೋಹದ ಆರೋಪದ ಮೇಲೆ ಅವರನ್ನು ಗಲ್ಲಿಗೇರಿಸಲಾಯಿತು. ಅದಕ್ಕೂ ಮುಂಚೆಯೇ, 1910ರಲ್ಲಿ, ಅವರ ಪಂಥವೇ ಅವರನ್ನು ಹೊರಗೆ ಹಾಕಿತ್ತು. ಆ ಬಹಿಷ್ಕಾರವನ್ನು ಹಿಂತೆಗೆದುಕೊಳ್ಳಲು ಪಂಥಕ್ಕೆ 1993ರವರೆಗೂ ಪುರುಸೊತ್ತಾಗಲಿಲ್ಲ. ನಡುವಿನ ದಶಕಗಳಲ್ಲಿ ಅದೇ ಝೆನ್ ಮಠಗಳು ಚಕ್ರವರ್ತಿಯ ಯುದ್ಧಗಳನ್ನು ಹರಸುತ್ತಿದ್ದವು.

ಆದ್ದರಿಂದ ‘ಬೌದ್ಧ ಧರ್ಮವು ಕ್ರಾಂತಿಕಾರಿಯೇ’ ಎಂದು ಒಟ್ಟಾರೆ ಕೇಳಿದರೆ ಉತ್ತರ ಸಿಗದು. ಯಾವ ಭಿಕ್ಷು ಯಾರ ಪಕ್ಕದಲ್ಲಿ ನಿಂತಿದ್ದಾನೆ ಎಂದು ಕೇಳಬೇಕು. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಲ್ಲಿನ ಝೆನ್ ಭಿಕ್ಷು ತಿಚ್ ನಾತ್ ಹಾನ್ ಕಾದಾಡುತ್ತಿದ್ದ ಎರಡೂ ಬಣಗಳನ್ನು ಬಿಟ್ಟು, ಬಾಂಬಿಗೆ ಸಿಕ್ಕ ಹಳ್ಳಿಗಳ ಪಕ್ಕ ನಿಂತರು. ‘ತೊಡಗಿಕೊಂಡ ಬೌದ್ಧ ಧರ್ಮ’, ಅಂದರೆ ಸಮಾಜದ ಕಷ್ಟಕ್ಕೆ ಹೆಗಲು ಕೊಡುವ ಧರ್ಮ, ಎಂಬ ಮಾತಿಗೆ ಬಲ ಬಂದದ್ದು ಅವರಿಂದ. ಮ್ಯಾನ್ಮಾರ್‌ನಲ್ಲಿ 2007ರಲ್ಲಿ ಸೇನಾಡಳಿತದ ವಿರುದ್ಧ ಬೀದಿಗಿಳಿದ ಭಿಕ್ಷುಗಳೂ ಉಂಟು, ಮುಂದೆ ಮುಸ್ಲಿಮರ ವಿರುದ್ಧ ದ್ವೇಷ ಕಾರಿದ ಭಿಕ್ಷುಗಳೂ ಉಂಟು.

ಇನ್ನು, ನೀವು ಕೊಪ್ಪಳದವರು. ಗವಿಮಠದ ಗುಡ್ಡದಲ್ಲಿರುವ ಅಶೋಕನ ಶಾಸನದಲ್ಲಿ ‘ಖುದಕೇನ’ ಎಂಬ ಪ್ರಾಕೃತ ಪದವಿದೆ. ನಮ್ಮ ‘ಕ್ಷುದ್ರ’ ಅದರ ನೆಂಟ, ಅರ್ಥ ಸಣ್ಣವನಿಂದ ಎಂದು. ಧರ್ಮಶ್ರದ್ಧೆಯ ಫಲ ದೊಡ್ಡವರಿಗಷ್ಟೇ ಸಿಗುವುದಲ್ಲ, ಪ್ರಯತ್ನಪಟ್ಟರೆ ಸಣ್ಣವನೂ ಪಡೆಯಬಲ್ಲ ಎಂದು ಆ ಬಂಡೆ ಹೇಳುತ್ತದೆ. ರಾಯಚೂರು ಜಿಲ್ಲೆಯ ಮಸ್ಕಿಯಲ್ಲೂ ಇದೇ ಮಾತಿದೆ. ನಿಮ್ಮ ಗೆಳೆಯರನ್ನು ಒಂದು ಬೆಳಿಗ್ಗೆ ಅಲ್ಲಿಗೆ ಕರೆದೊಯ್ಯಿರಿ. ಇದನ್ನು ಕೆತ್ತಿಸಿದವನೂ ಒಬ್ಬ ಚಕ್ರವರ್ತಿಯೇ ಅಲ್ಲವೇ ಎಂದು ಅವರು ತಕರಾರು ತೆಗೆದರೆ, ಆ ತಕರಾರು ನ್ಯಾಯವಾದದ್ದೇ.