ಕೊಣಾಜೆ ಕ್ಯಾಂಪಸ್‌ನ ಕಾರ್ಯಕ್ರಮಗಳಿಗೆ ಹೊರಗಿನವರು ಹೋಗಬಹುದಾ?

ಧಾರಾಳವಾಗಿ ಹೋಗಬಹುದು. ಕೆಲಸಕ್ಕೆಂದು ಮಂಗಳೂರಿಗೆ ಹೊಸದಾಗಿ ಬಂದಿದ್ದೀರಿ, ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ದಿನವಿಡೀ ಕಾರ್ಯಕ್ರಮ ಅಂತ ಪೋಸ್ಟರ್ ನೋಡಿದ್ದೀರಿ, ಆದರೆ ವಿದ್ಯಾರ್ಥಿಯಲ್ಲದವರನ್ನು ಒಳಗೆ ಬಿಡುತ್ತಾರಾ ಅಂತ ಕೇಳಿದ್ದೀರಿ. ನಾನೂ ಅಲ್ಲಿ ಓದಿದವನಲ್ಲ ಮಾರಾಯ್ರೆ. ಬಂದರಿನಲ್ಲಿ ಸಣ್ಣ ವ್ಯಾಪಾರ ನನ್ನದು. ಪುರುಸೊತ್ತು ಸಿಕ್ಕಾಗ ಹೋಗಿ ಕೂರುತ್ತೇನೆ, ‘ನೀವು ಯಾರು’ ಅಂತ ಇದುವರೆಗೆ ಯಾರೂ ಕೇಳಿಲ್ಲ. ಸಂಘಟಕರಿಗೆ ಹೊರಗಿನವರು ಬಂದರೆ ತಲೆಬಿಸಿ ಇಲ್ಲ, ಕುರ್ಚಿ ಖಾಲಿ ಉಳಿದರೆ ತಲೆಬಿಸಿ.

ಎಲ್ಲದಕ್ಕೂ ಹೀಗೆ ಹೋಗಲು ಆಗುವುದಿಲ್ಲ. ಘಟಿಕೋತ್ಸವ ಬೇರೆ ಲೆಕ್ಕ. ರಾಜ್ಯಪಾಲರು ಕುಲಾಧಿಪತಿ, ಅವರು ಬರುವ ದಿನ ಪೊಲೀಸ್ ಬಂದೋಬಸ್ತು ಇರುತ್ತದೆ, ಆಮಂತ್ರಣ ಇಲ್ಲದೆ ಸುಮ್ನೆ ಹೋಗಬೇಡಿ. ನೋಂದಣಿ ಶುಲ್ಕ ಇಟ್ಟ ವಿಚಾರ ಸಂಕಿರಣಕ್ಕೆ ಮೊದಲೇ ಒಂದು ಫೋನ್ ಮಾಡಿ. ದತ್ತಿ ಉಪನ್ಯಾಸ, ಪುಸ್ತಕ ಬಿಡುಗಡೆ, ಯಕ್ಷಗಾನ ಸಾಮಾನ್ಯವಾಗಿ ಎಲ್ಲರಿಗೂ ತೆರೆದದ್ದೇ. ಮೊದಲ ಸಲ ಹೋಗುವವರಿಗೆ ಕನ್ನಡ ವಿಭಾಗದ ಕಾರ್ಯಕ್ರಮ ಒಳ್ಳೆಯದು. ಕಾಳಿದಾಸನನ್ನು ಕನ್ನಡಕ್ಕೆ ತಂದ ಎಸ್.ವಿ. ಪರಮೇಶ್ವರ ಭಟ್ಟರು ಕಟ್ಟಿದ ವಿಭಾಗ ಅದು, ಈಗ ಅವರ ಹೆಸರಿನಲ್ಲೇ ಕನ್ನಡ ಅಧ್ಯಯನ ಸಂಸ್ಥೆ ಉಂಟು. ಅಲ್ಲಿಗೆ ಊರಿನವರು ಬಂದು ಕೂರುವುದು ಹೊಸತೇನಲ್ಲ.

ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಬಸ್ ಹತ್ತಿ. ನೇತ್ರಾವತಿ ಸೇತುವೆ ದಾಟಿ ತೊಕ್ಕೊಟ್ಟಿನಲ್ಲಿ ಹೆದ್ದಾರಿ ಬಿಟ್ಟು, ಕುತ್ತಾರು, ದೇರಳಕಟ್ಟೆ, ನಾಟೆಕಲ್ ಮೇಲೆ ಹೋಗುತ್ತದೆ. ಇಪ್ಪತ್ತು ಕಿಲೋಮೀಟರ್ ಹತ್ತಿರ ಆಗುತ್ತದೆ. ದೇರಳಕಟ್ಟೆಯ ಆಸ್ಪತ್ರೆಗಳ ಹತ್ತಿರ ಅರ್ಧ ಬಸ್ ಇಳಿಯುತ್ತದೆ, ಅಲ್ಲಿಂದ ಮುಂದೆ ಸೀಟು ಗ್ಯಾರಂಟಿ. ಕ್ಯಾಂಪಸ್ ಇರುವುದು ಮುರಕಲ್ಲಿನ ಗುಡ್ಡೆಯ ಮೇಲೆ, 300 ಎಕರೆಗೂ ಜಾಸ್ತಿ ಜಾಗ. 1968ರಲ್ಲಿ ಮೈಸೂರು ವಿ.ವಿ.ಯ ಸ್ನಾತಕೋತ್ತರ ಕೇಂದ್ರವಾಗಿ ಶುರುವಾಗಿ, 1980ರಲ್ಲಿ ಸ್ವಂತ ವಿಶ್ವವಿದ್ಯಾನಿಲಯವಾಯಿತು. ಕಟ್ಟಡಗಳು ದೂರ ದೂರ. ಕಾರ್ಯಕ್ರಮ ಯಾವ ಸಭಾಂಗಣದಲ್ಲಿ ಅಂತ ಸರಿಯಾಗಿ ನೋಡಿಕೊಂಡು ಹೋಗಿ, ಇಲ್ಲದಿದ್ದರೆ ಬಿಸಿಲಿಗೆ ಗುಡ್ಡೆ ಹತ್ತಿ ಇಳಿಯುವುದೇ ಕೆಲಸ.

ಇನ್ನು ನನ್ನ ಮುಖ್ಯ ಮಾತು. ಉದ್ಘಾಟನೆ ತಪ್ಪಿತು ಅಂತ ಬೇಸರ ಮಾಡಬೇಡಿ, ಬೇಕಾದರೆ ಬೇಕೆಂದೇ ತಪ್ಪಿಸಿಕೊಳ್ಳಿ. ಹತ್ತು ಗಂಟೆ ಅಂತ ಅಚ್ಚು ಹಾಕಿದ್ದು ಹತ್ತೂವರೆಗೆ ಶುರುವಾಗುತ್ತದೆ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ. ವೇದಿಕೆಯಲ್ಲಿ ಎಂಟು ಜನ, ಒಬ್ಬೊಬ್ಬರೂ ಉಳಿದ ಏಳು ಜನರ ಹೆಸರು ಹೇಳಿಯೇ ಮಾತು ಶುರು ಮಾಡುವುದು. ದೀಪ ಹಚ್ಚುವಾಗ ಫ್ಯಾನಿನ ಗಾಳಿಗೆ ಬತ್ತಿ ಹಿಡಿಯುವುದಿಲ್ಲ, ಸ್ವಿಚ್ ಎಲ್ಲಿ ಅಂತ ಒಬ್ಬ ಹುಡುಗ ಓಡುತ್ತಾನೆ. ತುಳು ಕಾರ್ಯಕ್ರಮವಾದರೆ ಮಾತ್ರ ನಾನು ಬೇಗ ಹೋಗುತ್ತೇನೆ. ಅಲ್ಲಿ ಕೆಲವೊಮ್ಮೆ ಹಿಂಗಾರ, ಅಂದರೆ ಅಡಿಕೆಯ ಹೂಗೊಂಚಲು, ಅರಳಿಸಿ ಅಥವಾ ಭತ್ತ ಅಳೆಯುವ ಕಳಸೆಗೆ ಭತ್ತ ಸುರಿದು ಉದ್ಘಾಟನೆ ಮಾಡುತ್ತಾರೆ, ನೋಡುವುದಕ್ಕೆ ಚೆಂದ.

ಅಧ್ಯಕ್ಷರ ಭಾಷಣ ಮುಗಿಯುತ್ತಿದ್ದ ಹಾಗೆ ಗಣ್ಯರ ಕಾರುಗಳು ಹೊರಡುತ್ತವೆ. ಹಿಂದಿನಿಂದ ಫೋಟೊ ತೆಗೆಯುವವರೂ ಹೊರಡುತ್ತಾರೆ. ನಿಜವಾದ ಕಾರ್ಯಕ್ರಮ ಶುರುವಾಗುವುದು ಆಮೇಲೆ.

ಒಮ್ಮೆ ಹೀಗೇ ಮಧ್ಯಾಹ್ನದ ಹೊತ್ತಿಗೆ ಪಾಡ್ದನದ, ಅಂದರೆ ಕಥೆ ಹೇಳುವ ತುಳು ಹಾಡುಗಳ, ಮೇಲೆ ಗೋಷ್ಠಿ ಇತ್ತು. ಪ್ರಬಂಧ ಓದಿದವರು ಓದಿದರು, ಅದರಲ್ಲಿ ನನಗೆ ಅರ್ಥವಾದದ್ದು ಅಷ್ಟಕ್ಕಷ್ಟೆ. ಕೊನೆಗೆ ಹಾಡುವುದಕ್ಕೆ ಒಬ್ಬರು ಅಜ್ಜಿಯನ್ನು ಕರೆಸಿದ್ದರು. ಮೈಕ್ ಅವರ ಹಣೆಯ ಮಟ್ಟಕ್ಕಿತ್ತು. ಒಬ್ಬ ವಿದ್ಯಾರ್ಥಿ ಬಂದು ತಿರುಪು ತಿರುಗಿಸಿ ಇಳಿಸಿದ, ಅದು ಜಾರಿ ಸೊಂಟದ ಮಟ್ಟಕ್ಕೆ ಬಂತು. ಅಜ್ಜಿ ಅದನ್ನು ಕೈಯಿಂದ ಆಚೆ ಸರಿಸಿ, ಸೆರಗು ಸಿಕ್ಕಿಸಿಕೊಂಡು, ಗದ್ದೆಯಲ್ಲಿ ನೇಜಿ (ಭತ್ತದ ಸಸಿ) ನೆಡುವಾಗ ಹಾಡುವ ಹಾಗೆ ಹಾಡಲು ಶುರು ಮಾಡಿಯೇಬಿಟ್ಟರು. ಕೊನೆಯ ಸಾಲಿನವರೆಗೆ ಕೇಳಿತು. ಹದಿನೈದು ನಿಮಿಷ ಆಯಿತು, ನಿರೂಪಕಿ ಕೈಯಲ್ಲಿ ಚೀಟಿ ಹಿಡಿದು ನಿಂತಿದ್ದಳು, ಕೊಡಲು ಧೈರ್ಯ ಬರಲಿಲ್ಲ. ಅಜ್ಜಿ ತಾವೇ ನಿಲ್ಲಿಸಿ ‘ಯಾವಾ?’ ಅಂದರು, ತುಳುವಿನಲ್ಲಿ ಸಾಕಾ ಅಂತ. ಮುಂದಿನ ಸಾಲಿನ ಹುಡುಗಿಯರು ಸಾಲದು, ಇನ್ನೂ ಹಾಡಿ ಅಂತ ಕೂಗಿದರು. ಸಮಯದ ಅಭಾವ ಅನ್ನುವ ಮಾತು ಅವತ್ತು ಯಾರ ಬಾಯಲ್ಲೂ ಬರಲಿಲ್ಲ.

ಊಟದ ವಿಷಯ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಕೆಲವು ಕಡೆ ‘ಎಲ್ಲರೂ ಊಟ ಮಾಡಿಕೊಂಡೇ ಹೋಗಬೇಕು’ ಅಂತ ಮೈಕಿನಲ್ಲೇ ಹೇಳುತ್ತಾರೆ. ಆಗ ನಾಚಿಕೆ ಬೇಡ, ಸಾಲಿನಲ್ಲಿ ನಿಲ್ಲಿ, ಕುಚ್ಚಲಕ್ಕಿ ಅನ್ನ ಸಿಗುತ್ತದೆ. ಕೂಪನ್ ಇದ್ದರೆ ಅದು ನೋಂದಣಿ ಮಾಡಿದವರಿಗೆ, ನೀವು ಕ್ಯಾಂಟೀನಿಗೆ ಹೋಗಿ. ಸಾಲಿನಲ್ಲಿ ನಿಂತಾಗ ಪಕ್ಕದವರ ಹತ್ತಿರ ಮಾತಾಡಿ. ಸಂಶೋಧನೆ ಮಾಡುವ ಹುಡುಗರು ವೇದಿಕೆಯಲ್ಲಿ ಹೆದರಿ ಹೆದರಿ ಓದಿದ್ದನ್ನು ಅಲ್ಲಿ ಸಲೀಸಾಗಿ ಹೇಳುತ್ತಾರೆ.

ಪ್ರಶ್ನೆ ಕೇಳುವ ಅವಕಾಶ ಕೊಟ್ಟಾಗ ಹೊರಗಿನವರೂ ಕೇಳಬಹುದು. ಪ್ರಶ್ನೆಯನ್ನೇ ಕೇಳಿ, ಭಾಷಣ ಬೇಡ. ಆ ಕೆಲಸಕ್ಕೆ ಪ್ರತಿ ಸಭೆಯಲ್ಲೂ ಒಬ್ಬರು ಇದ್ದೇ ಇರುತ್ತಾರೆ.

ಸಂಜೆ ತಾಳಮದ್ದಳೆ ಇಟ್ಟಿದ್ದರೆ ಬಿಡಬೇಡಿ. ಕ್ಯಾಂಪಸ್‌ನಲ್ಲಿ ಯಕ್ಷಗಾನ ಅಧ್ಯಯನ ಕೇಂದ್ರವೇ ಉಂಟು. ಘಟ್ಟದ ಮೇಲಿನವರಿಗೆ ಯಕ್ಷಗಾನ ಅಂದರೆ ಬಣ್ಣ, ಕಿರೀಟ, ಅಲ್ವಾ? ತಾಳಮದ್ದಳೆಯಲ್ಲಿ ಅದು ಯಾವುದೂ ಇಲ್ಲ. ಹಾಡುವ ಭಾಗವತರು, ಚೆಂಡೆ, ಮದ್ದಳೆ, ಎದುರುಬದುರು ಕುಳಿತು ಪಾತ್ರದ ಮಾತಾಡುವ ಅರ್ಥಧಾರಿಗಳು. ಪದ ಮುಗಿದ ಕೂಡಲೇ ಮಾತು ಶುರು, ಎಲ್ಲ ಅಲ್ಲೇ ಕಟ್ಟಿದ್ದು. ಕರ್ಣ ಒಂದು ಮಾತು ಎಸೆದರೆ ಕೃಷ್ಣ ಅದನ್ನು ಹಿಡಿದು ಹೇಗೆ ತಿರುಗಿಸುತ್ತಾನೆ ಅಂತ ಸಭೆಗೆ ಸಭೆಯೇ ಕಾಯುತ್ತದೆ. ಬೆಳಗ್ಗೆ ಅದೇ ಸಭಾಂಗಣದಲ್ಲಿ ಬರೆದು ತಂದದ್ದನ್ನು ಓದಿದವರ ನೆನಪಾಗಿ ನನಗೆ ನಗು ಬರುತ್ತದೆ.

ವಾಪಸು ಬರುವ ಕೊನೆಯ ಬಸ್ ಎಷ್ಟು ಗಂಟೆಗೆ ಅಂತ ಹೋಗುವಾಗಲೇ ಕಂಡಕ್ಟರ್ ಹತ್ತಿರ ಕೇಳಿಟ್ಟುಕೊಳ್ಳಿ. ಅಷ್ಟು ದೂರ ಆಗುವುದಿಲ್ಲ ಅಂದರೆ ಹಂಪನಕಟ್ಟೆಯ ವಿಶ್ವವಿದ್ಯಾನಿಲಯ ಕಾಲೇಜು ಉಂಟು. 1868ರಿಂದ ಇರುವ ಕಾಲೇಜು ಅದು, ಅಲ್ಲಿನ ರವೀಂದ್ರ ಕಲಾಭವನದಲ್ಲೂ ಕಾರ್ಯಕ್ರಮ ಆಗುತ್ತಿರುತ್ತದೆ, ಸ್ಟೇಟ್‌ಬ್ಯಾಂಕ್‌ನಿಂದ ನಡೆದೇ ಹೋಗಬಹುದು. ಯಾವತ್ತು ಏನು ಅಂತ ತಿಳಿಯಲು ಪತ್ರಿಕೆಯ ಮಂಗಳೂರು ಪುಟದಲ್ಲಿ ‘ಇಂದಿನ ಕಾರ್ಯಕ್ರಮ’ ಅಂತ ಸಣ್ಣ ಅಕ್ಷರದಲ್ಲಿ ಬರುವುದನ್ನು ನೋಡಿ.